ಇದ್ದಿಲುಗಾರರ ದಾರಿಯಲ್ಲಿ ಯಾರೂ ಓಡಾಡುವುದಿಲ್ಲ

ಲಾ ವೆರ್ನ್
22 ಆಗಸ್ಟ್ 2023

ಪುಟ್ಟಿ ಸೊಲೆನ್,

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಅಂಚೆಯ ಫಾಬಿಯೆನ್. ಹೋದ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಅವಳು ಹಳದಿ ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ಎಡಗಿವಿಗೆ ಕೇಳಿಸುವಷ್ಟು ಜೋರಾಗಿ, ಅಂದರೆ ಊರಿಗೆಲ್ಲ ಕೇಳಿಸುವ ಹಾಗೆ ಹೇಳಿದಳು, ಇದ್ದಿಲುಗಾರರ ದಾರಿಯನ್ನು ಮಾರುತ್ತಾರಂತೆ ಅಂತ.

ಹೌದು, ನಮ್ಮದೇ ದಾರಿ. ಹಳೇ ಸ್ಟೇಷನ್ನಿನ ಹತ್ತಿರ ಹಸಿರು ದಾರಿಯಿಂದ ಕವಲೊಡೆದು, ಚೆಸ್ಟ್‌ನಟ್ ಕಾಡಿನೊಳಗೆ ಮೂರು ಕಿಲೋಮೀಟರ್ ಬಂದು ನಮ್ಮ ಚೌಕ ಮುಟ್ಟುತ್ತದಲ್ಲ, ಅದು. ಆರು ವರ್ಷದವಳಿದ್ದಾಗ ನೀನು ಸೈಕಲ್ ಕಲಿತು ಎರಡು ಹಲ್ಲು ಮುರಿದುಕೊಂಡದ್ದೂ ಅಲ್ಲೇ. ಎರಡೂ ಬದಿಯ ಕಾಡನ್ನು ಕೊಂಡ ಮೊಸ್ಯೂ ವಿಲ್ಮಾರ್ ಈಗ ನಡುವಿನ ದಾರಿಯನ್ನೂ ಕೇಳಿದ್ದಾನೆ. ಕೊಟ್ಟರೆ ಸುತ್ತ ಬೇಲಿ ಬರುತ್ತದೆ. ನಮ್ಮ ಮೇಯರ್ ಮಾದಾಮ್ ಲಾಕೋಂಬ್ ಹೇಳುವುದು ಇಷ್ಟು: ಆ ದಾರಿಯ ಬಾಯಲ್ಲೇ ಮರ ಬಿದ್ದು ಮುಳ್ಳು ಬೆಳೆದಿದೆ, ಯಾರೂ ಓಡಾಡುವುದಿಲ್ಲ, ಓಡಾಡದ ದಾರಿಯನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕುವುದಾ?

ಆ ದಾರಿ ಹೋದರೆ ಹಸಿರು ದಾರಿಗೆ ಹೋಗಲು ಲಾರಿ ರಸ್ತೆಯಲ್ಲಿ ಹನ್ನೊಂದು ಕಿಲೋಮೀಟರ್ ಸುತ್ತಬೇಕು. ನಾನು ಮೂವತ್ತು ವರ್ಷ ಕಂಬಿ ನೋಡಿಕೊಂಡ ರೈಲು ದಾರಿ, ಕಂಬಿ ಕಿತ್ತ ಮೇಲೆ ಹಸಿರು ದಾರಿಯಾಗಿ, ಈಗ ಅದರ ಮೇಲೆ ಬೇಸಿಗೆ ಪೂರ್ತಿ ಸೈಕಲ್‌ಗಳು ಹೋಗುತ್ತವೆ. ಒಂದೂ ನಮ್ಮ ಕಡೆ ತಿರುಗುವುದಿಲ್ಲ. ಜೋಸ್ಯಾನ್ ತನ್ನ ಕೆಫೆಯ ಬಾಗಿಲಲ್ಲಿ ಕೈಕಟ್ಟಿ ನಿಂತು ಕಾಗೆ ಎಣಿಸುತ್ತಾಳೆ.

ಮರ ಯಾರು ಹಾಕಿದರು ಅಂತ ಕೇಳಬೇಡ. ಕಾಡು ತನ್ನ ಕೆಲಸ ತಾನು ಮಾಡುತ್ತದೆ.

ಸುಮ್ಮನೆ ತಿಳಿಸಿದೆ. ನೀನೇನೂ ಮಾಡಬೇಕಾಗಿಲ್ಲ. ನನ್ನ ಫೋನಿಗೆ ಕರೆ ಮಾಡಬೇಡ. ಕಿವಿ ಹೋದಮೇಲೆ ಅದು ಗೋಡೆಗೆ ಅಲಂಕಾರ ಅಷ್ಟೆ.

ನಿನ್ನ ಅಜ್ಜ,
ಮಾರ್ಸ್ಯಾಲ್

*

ಲೀಲ್
28 ಆಗಸ್ಟ್ 2023

ಅಜ್ಜಾ,

"ನೀನೇನೂ ಮಾಡಬೇಕಾಗಿಲ್ಲ" ಅಂತ ನೀನು ಬರೆದರೆ ನಾನು ಏನಾದರೂ ಮಾಡುತ್ತೇನೆ ಅಂತ ನಿನಗೆ ಗೊತ್ತು. ಅದಕ್ಕೇ ಬರೆದಿದ್ದೀಯ.

ಕಾನೂನು ಓದಿದೆ. ಊರಿನ ದಾರಿಯಲ್ಲಿ ಜನ ಓಡಾಡುತ್ತಿದ್ದರೆ ಅದನ್ನು ಮಾರಲು ಬರುವುದಿಲ್ಲ. ಮಾರುವ ಮೊದಲು ಹದಿನೈದು ದಿನ ಸಾರ್ವಜನಿಕ ವಿಚಾರಣೆ ನಡೆಯಬೇಕು. ಮೇಯರ್ ಕಚೇರಿಯಲ್ಲಿ ಒಂದು ದಫ್ತರ ಇಡುತ್ತಾರೆ, ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಕೊನೆಯ ದಿನ ಹೊರಗಿನ ವಿಚಾರಣಾಧಿಕಾರಿ ಬಂದು ಕೂತು ಅದನ್ನು ಓದಿ ತೀರ್ಮಾನ ಬರೆಯುತ್ತಾನೆ. ಅಂದರೆ ಜನ ಅಲ್ಲಿ ಓಡಾಡುತ್ತಾರೆ ಅಂತ ತೋರಿಸಿದರೆ ಸಾಕು.

ತೋರಿಸುತ್ತೇನೆ. ನಮ್ಮ ಗ್ರಾವೆಲ್ ಸೈಕಲ್ ಗುಂಪಿಗೆ ಹೇಳಿಯಾಗಿದೆ. ಅರವತ್ತು ಜನ. ನಮ್ಮ ಸೈಕಲ್‌ಗಳನ್ನು ನೀನು ನೋಡಿದ್ದೀಯ, ರೇಸಿನದರ ಹಾಗೆ ಬಾಗಿದ ಹಿಡಿ, ಟ್ರ್ಯಾಕ್ಟರಿನ ಮರಿಯ ಹಾಗೆ ದಪ್ಪ ಟೈರು. "ಇದು ಕುದುರೆಯೋ ಕತ್ತೆಯೋ" ಅಂತ ಕೇಳಿದ್ದೆ. ಹೇಸರಗತ್ತೆ ಅಂತ ಇಟ್ಟುಕೋ. ಜಲ್ಲಿ, ಬೇರು, ಕೆಸರು, ಎಲ್ಲಕ್ಕೂ ಅದು ಸೈ. ರೈಲು ಇಳಿದು ಹಸಿರು ದಾರಿಯ ಮೇಲೆ ಇಪ್ಪತ್ತೆರಡು ಕಿಲೋಮೀಟರ್ ಬಂದು, ಸ್ಟೇಷನ್ನಿನ ಹತ್ತಿರ ತಿರುಗಿ, ಇದ್ದಿಲುಗಾರರ ದಾರಿ ಹತ್ತಿ ಚೌಕಕ್ಕೆ ಬರುತ್ತೇವೆ. ಮಧ್ಯಾಹ್ನದ ಊಟ ಜೋಸ್ಯಾನ್ ಹತ್ತಿರ. ಅವಳಿಗೆ ಹೇಳು, ಕಾಗೆ ಎಣಿಸುವುದು ಬಿಟ್ಟು ಆಲೂಗಡ್ಡೆ ಎಣಿಸಲಿ.

ಇನ್ನು ಮರದ ವಿಷಯ. ಕಾಡು ತನ್ನಷ್ಟಕ್ಕೆ ದಾರಿಯ ಬಾಯಿಗೆ ಸರಿಯಾಗಿ ಅಡ್ಡಲಾಗಿ ಮರ ಹಾಕುವುದಿಲ್ಲ ಅಜ್ಜಾ. ಹೋದ ಕ್ರಿಸ್‌ಮಸ್‌ಗೆ ಬಂದಾಗ ನೋಡಿದೆ, "ಬೇಟೆ ನಡೆಯುತ್ತಿದೆ, ಅಪಾಯ" ಅಂತ ಹಲಗೆಯೂ ಇದೆ. ಇದು ಆ ವಿಲ್ಮಾರನದೇ ಕೆಲಸ. ಮೊದಲು ಮುಚ್ಚುವುದು, ಆಮೇಲೆ ಯಾರೂ ಬರುತ್ತಿಲ್ಲ ಅನ್ನುವುದು, ಆಮೇಲೆ ಕೊಳ್ಳುವುದು. ಫೋಟೋ ತೆಗೆದು ಕಳಿಸು.

ಇದು ಊರಿಗೆ ಮಾತ್ರ ಅಲ್ಲ, ನನಗೂ ಬೇಕಾದ ಕೆಲಸ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸೊಲೆನ್

*

ಲಾ ವೆರ್ನ್
4 ಸೆಪ್ಟೆಂಬರ್ 2023

ಪುಟ್ಟಿ,

ನಿನ್ನ ಉತ್ಸಾಹ ನಿನ್ನ ಅಜ್ಜಿಯದು. ಆದರೆ ಸೆಪ್ಟೆಂಬರ್ ಬೇಡ. ಸೆಪ್ಟೆಂಬರಿನಲ್ಲಿ ಕಣಜದ ಹುಳ ಜಾಸ್ತಿ. ಕಾಡುಹಂದಿ ಮರಿ ಹಾಕಿಕೊಂಡು ಓಡಾಡುತ್ತದೆ. ಮಳೆ ಬಂದರೆ ಕೆಸರು, ಬರದಿದ್ದರೆ ಧೂಳು. ಅಕ್ಟೋಬರಿನಲ್ಲಿ ಬೇಟೆಯವರು ಕುಡಿದಿರುತ್ತಾರೆ. ವಸಂತದಲ್ಲಿ ಬಂದರೆ ಚೆನ್ನ, ಹೂವೂ ಇರುತ್ತದೆ.

ಮೊನ್ನೆ ಶುಕ್ರವಾರ ಮಾದಾಮ್ ಲಾಕೋಂಬ್ ಜೋಸ್ಯಾನ್ ಕೆಫೆಯಲ್ಲಿ ಸಭೆ ಕರೆದಿದ್ದಳು. ನೇರವಾಗಿ ಕೇಳಿದಳು, ಇಲ್ಲಿ ಇದ್ದಿಲುಗಾರರ ದಾರಿಯಲ್ಲಿ ಓಡಾಡುವವರು ಯಾರಿದ್ದೀರಿ, ಕೈ ಎತ್ತಿ ಅಂತ. ಮೂವತ್ತು ಜನ ಇದ್ದರು. ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ನೋಡಿಕೊಂಡರು. ಎಂಬತ್ತಮೂರರ ಒದೆಟ್, ಗಂಡ ಸತ್ತ ಮೇಲೆ ಆ ಕಡೆ ತಲೆ ಹಾಕಿ ಮಲಗಿಲ್ಲ ಅಂದಳು. ಬೇಕರಿಯವನು ಅದು ಎಲ್ಲಿಂದ ಶುರುವಾಗುತ್ತದೆ ಅಂತಲೇ ತನಗೆ ಗೊತ್ತಿಲ್ಲ ಅಂದ. ಅವನು ಹುಟ್ಟಿದ ಮನೆಯ ಹಿತ್ತಲಿಗೂ ಆ ದಾರಿಗೂ ನಡುವೆ ಒಂದು ಕೋಳಿಗೂಡು ಮಾತ್ರ ಇದೆ. ಫಾಬಿಯೆನ್, ನಾನು ವ್ಯಾನು ಇಳಿದರೆ ತಾನೇ ದಾರಿಯ ಮಾತು ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಎಲ್ಲರೂ ಬೆಂಚಿನ ಕೆಳಗೆ ಬೂಟು ಎಳೆದುಕೊಂಡರು.

ನಾನೂ ಅಲ್ಲೇ ಇದ್ದೆ. ನನ್ನ ಮಂಡಿ ನೋಯುತ್ತದೆ ಅಂದೆ.

ಫೋಟೋ ತೆಗೆಯುವ ಯಂತ್ರ ಕೆಟ್ಟಿದೆ.

ಅಜ್ಜ

*

ಲೀಲ್
8 ಸೆಪ್ಟೆಂಬರ್ 2023

ಅಜ್ಜಾ,

ಕಳ್ಳನಿಗೊಂದು ಪಿಳ್ಳೆ ನೆವ. ಹುಳ, ಹಂದಿ, ಕೆಸರು, ಧೂಳು, ಕುಡುಕರು. ಒಂದೇ ಕಾಗದದಲ್ಲಿ ಐದು ನೆವ.

ನನಗೆ ಅರ್ಥವಾಯಿತು. ನೀವೆಲ್ಲ ಅವನಿಗೆ ಹೆದರಿದ್ದೀರಿ. ದೊಡ್ಡ ಮನೆಯವನು, ಕಾಡಿನ ಒಡೆಯ, ಕೆಫೆಯಲ್ಲಿ ಕೂತು ಅವನ ವಿರುದ್ಧ ಕೈ ಎತ್ತಿದರೆ ನಾಳೆ ಸೌದೆ ಕೊಡುವುದಿಲ್ಲ ಅಂತ. ಮೂವತ್ತು ಜನ, ಒಂದು ನಾಲಿಗೆ ಇಲ್ಲ. ರೈಲು ನಿಲ್ಲಿಸಿದಾಗ ಕಂಬಿಗೆ ಅಡ್ಡ ಮಲಗಿದ ನನ್ನ ಅಜ್ಜ ಎಲ್ಲಿ ಹೋದ?

ನೀವು ಹೇಳದ್ದನ್ನು ನಾನು ಹೇಳಿದ್ದೇನೆ. ಮೊಸ್ಯೂ ವಿಲ್ಮಾರನಿಗೆ ಮೂರು ಪುಟ ಬರೆದು ಹಾಕಿದೆ. ಊರಿನ ದಾರಿಗೆ ಮರ ಅಡ್ಡ ಹಾಕುವುದು ಅಪರಾಧ, ಸುಳ್ಳು ಹಲಗೆ ತೂಗುಹಾಕುವುದು ಇನ್ನೊಂದು ಅಪರಾಧ, ಒಬ್ಬ ಮುದುಕ ತನ್ನ ಊರಿನ ಕಾಡಿಗೆ ಹೋಗಲು ಹೆದರುವ ಹಾಗೆ ಮಾಡುವುದಕ್ಕೆ ಕಾನೂನಿನಲ್ಲಿ ಹೆಸರಿಲ್ಲ, ನನ್ನ ಹತ್ತಿರ ಇದೆ ಅಂತ. ಆ ಹೆಸರನ್ನೂ ಬರೆದೆ.

ವಿಚಾರಣೆ ಸೋಮವಾರ ಹನ್ನೊಂದನೇ ತಾರೀಖು ಶುರು, ಇಪ್ಪತ್ತೈದಕ್ಕೆ ಮುಗಿಯುತ್ತದೆ. ನಾವು ಇಪ್ಪತ್ತನಾಲ್ಕರ ಭಾನುವಾರ ಬರುತ್ತೇವೆ. ಹುಳ, ಹಂದಿ ಏನಿದ್ದರೂ ಸರಿ.

ಸೊಲೆನ್

*

ಲಾ ವೆರ್ನ್
14 ಸೆಪ್ಟೆಂಬರ್ 2023

ಸೊಲೆನ್,

ನಿನ್ನೆ ಸಂಜೆ ಮೊಸ್ಯೂ ವಿಲ್ಮಾರ್ ನಮ್ಮ ಮನೆಗೆ ಬಂದ. ಕೈಯಲ್ಲಿ ನಿನ್ನ ಕಾಗದ. ಜಗಳಕ್ಕೆ ಬಂದ ಅಂದುಕೊಂಡೆ. ಅವನು ಬೂಟು ಒರೆಸಿಕೊಂಡು ಒಳಗೆ ಬಂದು, ನಿಮ್ಮ ಮೊಮ್ಮಗಳ ಕೈಬರಹ ಚೆನ್ನಾಗಿದೆ ಅಂದ. ಪ್ಲಮ್ ಸಾರಾಯಿ ಕೊಟ್ಟೆ, ಕುಡಿದ. ಆಮೇಲೆ ನಿಧಾನವಾಗಿ ಹೇಳಿದ: ನಾಲ್ಕು ವರ್ಷದ ಹಿಂದೆ ನಾನು ಮೊದಲ ಸಲ ಕಾಡು ನೋಡಲು ಬಂದಾಗಲೇ ಆ ಮರದ ರಾಶಿ ಇತ್ತು, ಹಲಗೆಯೂ ಇತ್ತು. ಊರಿನವರೇ ಮುಚ್ಚಿದ್ದಾರೆ, ಸತ್ತ ದಾರಿ, ಕೇಳಿದರೆ ಯಾರಿಗೂ ಬೇಸರವಾಗದು ಅಂದುಕೊಂಡು ಕೇಳಿದೆ. ಜನ ಬರುವ ದಾರಿ ಅಂತ ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ.

ಅವನ ಲೋಟಕ್ಕೆ ಇನ್ನೊಂದಿಷ್ಟು ಸುರಿದೆ.

ಪುಟ್ಟಿ, ಆ ಮರ ಹಾಕಿದವನು ನಾನು.

2009ರ ಶರತ್ಕಾಲದಲ್ಲಿ ಹಳೇ ಸ್ಟೇಷನ್ನಿನ ಹತ್ತಿರ ಲಿಮೋಜ್ ಪಟ್ಟಣದ ಒಂದು ಕಾರು ನಿಂತಿತ್ತು. ಒಳಗೆ ನೋಡಿದೆ, ಮೂರು ಬುಟ್ಟಿ. ಮೂರೂ ಖಾಲಿ. ಖಾಲಿ ಬುಟ್ಟಿ ತಂದವರು ತುಂಬಿಕೊಂಡು ಹೋಗಲು ತಾನೇ ಬರುತ್ತಾರೆ? ಆ ದಾರಿಯ ಪಕ್ಕ ಒಂದು ಕಡೆ ಸೆಪ್ ಅಣಬೆ ಏಳುತ್ತದೆ. ನನ್ನ ಅಪ್ಪ ಸಾಯುವ ಮುಂಚಿನ ವರ್ಷ ನನಗೊಬ್ಬನಿಗೇ ತೋರಿಸಿದ ಜಾಗ. ಒಳ್ಳೆಯ ಮಳೆಯಾಗಿ ನಾಲ್ಕು ದಿನ ಬಿಸಿಲು ಬಿದ್ದರೆ ಒಂದೊಂದು ನನ್ನ ಟೋಪಿಯಷ್ಟು. ಮರುದಿನವೇ ಎರಡು ಚೆಸ್ಟ್‌ನಟ್ ಕೊಂಬೆ ಎಳೆದು ದಾರಿಯ ಬಾಯಿಗೆ ಅಡ್ಡ ಹಾಕಿದೆ. ಬೇಟೆಯವರ ಗುಡಿಸಲಿನಿಂದ ಹಳೇ ಹಲಗೆ ತಂದು ಕಟ್ಟಿದೆ. ಆಮೇಲೆ ಪ್ರತಿ ವರ್ಷ ಆಗಸ್ಟ್ ಕೊನೆಗೆ ಹೋಗಿ ಸರಿಮಾಡಿ ಬರುತ್ತೇನೆ. ನಾನು ಮಾತ್ರ ಜರಿಗಿಡಗಳ ಒಳಗಿಂದ ಬಳಸಿಕೊಂಡು ಹೋಗುತ್ತೇನೆ, ವಾರಕ್ಕೆ ಎರಡು ಸಲ, ಹದಿನಾಲ್ಕು ವರ್ಷದಿಂದ. ಮಂಡಿ ನೋಯುವುದಿಲ್ಲ.

ಜಾಗ ಎಲ್ಲಿ ಅಂತ ಕೇಳಬೇಡ. ನಿನ್ನ ಅಜ್ಜಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು ಕೇಳಿದಳು. ಹೊರಗೆ ಹವೆ ಹೇಗಿದೆ ನೋಡು ಅಂತ ಮಾತು ತಿರುಗಿಸಿದೆ.

ವಿಲ್ಮಾರನಿಗೆ ಇದನ್ನು ಹೇಳಲಿಲ್ಲ. ನಿನಗೆ ಹೇಳಿದ್ದೇನೆ.

ಅಜ್ಜ

*

ಲೀಲ್
18 ಸೆಪ್ಟೆಂಬರ್ 2023

ಅಜ್ಜನಿಗೆ,

ನಿನ್ನ ಕಾಗದ ಓದಿದೆ. ಮೊಸ್ಯೂ ವಿಲ್ಮಾರನಿಗೆ ಕ್ಷಮೆ ಕೇಳಿ ಒಂದು ಪುಟ ಬರೆದೆ. ಮೂರು ಪುಟ ಬೈಯುವುದಕ್ಕಿಂತ ಕಷ್ಟವಾಯಿತು.

ಯಾಕೆ ಇದು ನನಗೂ ಬೇಕಾದ ಕೆಲಸ ಅಂತ ಆಮೇಲೆ ಹೇಳುತ್ತೇನೆ ಅಂದಿದ್ದೆ. ಈಗ ಹೇಳುತ್ತೇನೆ. ಹಳೇ ಸ್ಟೇಷನ್ನಿನ ಗೋದಾಮನ್ನು ಬಾಡಿಗೆಗೆ ಕೊಡಿ ಅಂತ ಜೂನ್‌ನಲ್ಲೇ ಮೇಯರ್ ಕಚೇರಿಗೆ ಅರ್ಜಿ ಹಾಕಿದ್ದೇನೆ. ನನ್ನದೇ ಒಂದು ಸೈಕಲ್ ರಿಪೇರಿ ಅಂಗಡಿ ತೆರೆಯಲು. ಇಲ್ಲಿ ಬೇರೆಯವರ ಅಂಗಡಿಯಲ್ಲಿ ಐದು ವರ್ಷ ಚೈನು ಉಜ್ಜಿದೆ, ಸಾಕು. ಕಾಡಿನ ದಾರಿಗಳೆಲ್ಲ ಕೂಡುವ ಜಾಗ ಅದು. ಬಂದವರು ಚೈನಿಗೆ ಎಣ್ಣೆ ಹಾಕಿಸಿಕೊಂಡು ಊರಿಗೆ ಊಟಕ್ಕೆ ಹೋಗಬೇಕು, ಮತ್ತೆ ಇಳಿದು ಬರಬೇಕು. ದಾರಿ ಹೋದರೆ ಅದೊಂದು ಕುರುಡು ಮೂಲೆ, ಅಂಗಡಿ ತೆರೆದೂ ಪ್ರಯೋಜನವಿಲ್ಲ. ಕೈಗೂಡದಿದ್ದರೆ ನೀನು ಬೇಜಾರು ಮಾಡಿಕೊಳ್ಳುತ್ತೀಯ ಅಂತ ಹೇಳಿರಲಿಲ್ಲ.

ಇನ್ನೊಂದು. ವಿಚಾರಣಾಧಿಕಾರಿಗೆ ಫೋನ್ ಮಾಡಿದ್ದೆ. ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು: "ಒಂದು ಭಾನುವಾರ ಅರವತ್ತು ಜನ ಬಂದು ಹೋದರೆ ಅದು ಮೆರವಣಿಗೆ, ಓಡಾಟ ಅಲ್ಲ ಮಾದಮ್ವಾಜೆಲ್. ಊರಿನವರು ವರ್ಷಪೂರ್ತಿ ಓಡಾಡುತ್ತೇವೆ ಅಂತ ಬರೆದುಕೊಡಬೇಕು. ಇವತ್ತಿಗೆ ದಫ್ತರದಲ್ಲಿ ಒಂದಕ್ಷರವೂ ಇಲ್ಲ."

ಅಲ್ಲಿಗೆ ಗೊತ್ತಾಯಿತಲ್ಲ. ನನ್ನ ಅರವತ್ತು ಸೈಕಲ್ ಸೇರಿದರೂ ನಿನ್ನ ಒಂದು ಸಾಲಿಗೆ ಸಮ ಇಲ್ಲ. ವಾರಕ್ಕೆ ಎರಡು ಸಲ, ಹದಿನಾಲ್ಕು ವರ್ಷದಿಂದ ಅಂತ ನೀನು ಬರೆಯಬೇಕು. ಆದರೆ ಯಾಕೆ ಹೋಗುತ್ತೀಯ ಅಂತಲೂ ಅವರು ಕೇಳುತ್ತಾರೆ.

ಜನಕ್ಕೆ ಮಾತು ಕೊಟ್ಟಾಗಿದೆ, ನಾವು ಬರುತ್ತೇವೆ. ಅಷ್ಟರೊಳಗೆ ನೀನು ಹಾಕಿದ್ದನ್ನು ನೀನೇ ತೆಗೆ. ಸೋಮವಾರ ಬೆಳಿಗ್ಗೆ ನನಗೆ ಕೆಲಸ ಇದೆ, ಭಾನುವಾರ ಸಂಜೆಯ ರೈಲಿಗೇ ಹೊರಡಬೇಕು. ದಫ್ತರದಲ್ಲಿ ಏನಿರುತ್ತದೆ ಅಂತ ನೋಡಲು ನಾನು ಇರುವುದಿಲ್ಲ.

ಸೊಲೆನ್

*

(ಕಾರ್ಡು)

ಲಾ ವೆರ್ನ್
21 ಸೆಪ್ಟೆಂಬರ್ 2023

ದಾರಿ ತೆರೆದಿದೆ. ಬಾ.

ಅಜ್ಜ

*

ಲಿಮೋಜ್‌ನಿಂದ ಹೊರಟ ರೈಲಿನಲ್ಲಿ
24 ಸೆಪ್ಟೆಂಬರ್ 2023, ಸಂಜೆ

ಅಜ್ಜಾ,

ಅಕ್ಷರ ಕುಣಿಯುತ್ತಿವೆ, ರೈಲಿನದೂ ತಪ್ಪು, ನನ್ನದೂ ತಪ್ಪು. ನೀನು ಚೌಕದಲ್ಲಿ ನಿಂತಿದ್ದೆ, ಕಾಡಿನೊಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ಮೊದಲು ಅದನ್ನು ಹೇಳುತ್ತೇನೆ.

ಅರವತ್ತು ಅಂದುಕೊಂಡಿದ್ದೆವು, ತೊಂಬತ್ತೊಂದು ಜನ ಬಂದರು. ಎಂಟೂವರೆಗೆ ಹೊರಟಾಗ ಹಸಿರು ದಾರಿಯ ಮೇಲೆ ಮಂಜು ಸೊಂಟದವರೆಗೆ ಇತ್ತು. ಸೈಕಲ್ ಕಾಣುತ್ತಿರಲಿಲ್ಲ, ತೊಂಬತ್ತೊಂದು ಅರ್ಧ ಮನುಷ್ಯರು ತೇಲಿಕೊಂಡು ಹೋಗುತ್ತಿದ್ದ ಹಾಗೆ. ನೀನು ಹೇಳುತ್ತಿದ್ದದ್ದು ನಿಜ, ರೈಲು ದಾರಿಗೆ ಆತುರವಿಲ್ಲ, ಏರು ಬಂದದ್ದು ಕಾಲಿಗೆ ಗೊತ್ತಾಗುವುದಿಲ್ಲ. ಪುಡಿಕಲ್ಲಿನ ಮೇಲೆ ಟೈರುಗಳ ಸದ್ದು, ದೊಡ್ಡ ಬಾಣಲೆಯಲ್ಲಿ ಏನೋ ಹುರಿಯುತ್ತಿರುವ ಹಾಗೆ. ಸುರಂಗದೊಳಗೆ ಯಾರೋ ಒಬ್ಬ ರೈಲಿನ ಹಾಗೆ ಕೂಗಿದ. ಆಮೇಲೆ ಎಲ್ಲರೂ ಕೂಗಿದರು, ಗುಂಪಿನಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶರಿದ್ದಾರೆ, ಅವರೂ.

ಸ್ಟೇಷನ್ನಿನ ಹತ್ತಿರ ತಿರುಗಿದೆವು. ದಾರಿಯ ಬಾಯಿ ನೋಡಿ ನಾನು ಬ್ರೇಕು ಹಿಡಿದೆ. ಬರೀ ತೆರೆದಿರಲಿಲ್ಲ, ಗುಡಿಸಿಟ್ಟ ಹಾಗಿತ್ತು. ಮುಳ್ಳುಬಳ್ಳಿಯ ಬುಡದವರೆಗೆ ಮಚ್ಚು ಆಡಿದೆ. ಕೆಸರಿನ ಕಡೆ ಯಾರೋ ಚಪ್ಪಟೆ ಕಲ್ಲು ಹಾಸಿದ್ದಾರೆ. ಯಾರೋ ಏನು, ನೀನೇ. ಎಪ್ಪತ್ತೈದು ವರ್ಷದ ಮುದುಕ ಮೂರು ದಿನದಲ್ಲಿ ಒಬ್ಬನೇ ಅಷ್ಟು ಮಾಡಿದ್ದೀಯ ಅಂತ ನೋಡಿ, ನಾನು ಬರೆದ ಕಾಗದ ನೆನಪಾಗಿ ಮುಖ ಬಿಸಿಯಾಯಿತು.

ಆಮೇಲೆ ಏರು. ಟೈರಿನ ಗಾಳಿ ಅರ್ಧ ಇಳಿಸಿದ್ದೆವು, ಬೇರುಗಳ ಮೇಲೆ ಬೆಕ್ಕಿನ ಪಾದದ ಹಾಗೆ ಹೋಯಿತು. ಚೆಸ್ಟ್‌ನಟ್ಟಿನ ಮುಳ್ಳುಕಾಯಿಗಳು ದಾರಿ ತುಂಬ. ಒಂದೊಂದು ಚುಚ್ಚಿದಾಗಲೂ ಟೈರಿನೊಳಗಿನ ಹಾಲಿನಂಥ ರಸ ಬುಸ್ಸೆಂದು ಬಂದು ತೂತು ಮುಚ್ಚುತ್ತಿತ್ತು. ಕೊನೆಯ ಕಡಿದಾದ ತಿರುವಿನಲ್ಲಿ ಅರ್ಧ ಜನ ಇಳಿದು ತಳ್ಳಿದರು. ನಾನು ಇಳಿಯಲಿಲ್ಲ. ಎದೆ ಒಡೆದರೂ ಸರಿ, ಹಲ್ಲು ಮುರಿದ ಜಾಗದಲ್ಲಿ ಇಳಿಯುವುದಿಲ್ಲ ಅಂತ ತುಳಿದೆ. ಮರಗಳು ಮುಗಿದವು, ಬಿಸಿಲು ಬಡಿಯಿತು, ಚೌಕ, ಜೋಸ್ಯಾನ್ ಹಾಕಿದ ಉದ್ದನೆಯ ಮೇಜುಗಳು, ಚರ್ಚಿನ ಗಂಟೆಯ ಹಗ್ಗಕ್ಕೆ ಜೋತುಬಿದ್ದ ಬೇಕರಿಯವನು. ನನ್ನ ಜೀವನದಲ್ಲಿ ನಾನು ಯಾವ ರೇಸನ್ನೂ ಗೆದ್ದಿಲ್ಲ ಅಜ್ಜಾ. ಇವತ್ತು ಗೆದ್ದ ಹಾಗಾಯಿತು.

ಮತ್ತೆ ಊಟದ ನಡುವೆ ನೀನು ಎದ್ದು ನಿಂತೆ.

ನೀನು ಹೇಳುತ್ತೀಯ ಅಂತ ನಾನು ಅಂದುಕೊಂಡಿರಲಿಲ್ಲ. ಇಡೀ ಊರಿನ ಎದುರಿಗೆ, ತೊಂಬತ್ತೊಂದು ಹೊರಗಿನವರ ಎದುರಿಗೆ, ಮೊಸ್ಯೂ ವಿಲ್ಮಾರನ ಎದುರಿಗೆ. "ದಾರಿ ಮುಚ್ಚಿದವನು ನಾನು. ಅಣಬೆಗೋಸ್ಕರ ಮುಚ್ಚಿದೆ. ವಾರಕ್ಕೆ ಎರಡು ಸಲ ಹೋಗುತ್ತೇನೆ. ನಾಳೆ ದಫ್ತರದಲ್ಲಿ ಹೀಗೇ ಬರೆಯುತ್ತೇನೆ, ಬಯ್ಯುವವರು ಈಗಲೇ ಬಯ್ಯಿರಿ."

ಯಾರೂ ಬಯ್ಯಲಿಲ್ಲ. ಅದೇ ನನಗೆ ಭಯ. ಒದೆಟ್ ಫೋರ್ಕು ಕೆಳಗಿಟ್ಟಳು. ಮಾದಾಮ್ ಲಾಕೋಂಬ್ ಮುಖ ಕೆಂಪಾಯಿತು. ಅಷ್ಟರಲ್ಲಿ ನಮಗೆ ರೈಲಿನ ಹೊತ್ತಾಯಿತು. ಇಳಿಜಾರಿನಲ್ಲಿ ಹಿಂತಿರುಗಿ ನೋಡಿದೆ, ಎಲ್ಲರೂ ಇನ್ನೂ ಹಾಗೇ ಕೂತಿದ್ದರು, ನೀನು ನಿಂತಿದ್ದೆ.

ನಿನ್ನನ್ನು ನಿನ್ನ ಊರಿನವರ ನಡುವೆ ಒಂಟಿ ಮಾಡಿ ಬಂದೆನಾ? ಏನಾಯಿತು ಅಂತ ಬರೆ. ದಾರಿ ಹೋಗಿದ್ದರೂ ಸರಿ. ಗೋದಾಮು ಬೇರೆ ಎಲ್ಲಾದರೂ ಸಿಗುತ್ತದೆ.

ನಿನ್ನ ಸೊಲೆನ್

*

ಲಾ ವೆರ್ನ್
28 ಸೆಪ್ಟೆಂಬರ್ 2023

ಪುಟ್ಟಿ,

ಮೂರು ದಿನ ತಡವಾಯಿತು, ಅಷ್ಟು ನಕ್ಕಿದ್ದೇನೆ. ಏನಾಯಿತು ಅಂತ ಮೊದಲೇ ಹೇಳುವುದಿಲ್ಲ. ಕಥೆಯನ್ನು ಕಥೆಯ ಹಾಗೇ ಕೇಳಬೇಕು.

ಮೊದಲು ನಿನ್ನದೊಂದು ತಪ್ಪು ತಿದ್ದುತ್ತೇನೆ. ದಾರಿ ತೆರೆದವನು ನಾನಲ್ಲ. ಹೋದ ಗುರುವಾರ ಬೆಳಕು ಹರಿಯುವ ಮುಂಚೆ ಮಚ್ಚು ಹಿಡಿದು ಹೋದೆ. ಹೋಗಿ ನೋಡಿದರೆ ಅರ್ಧ ಕೊಂಬೆ ಇರಲೇ ಇಲ್ಲ. ಉಳಿದದ್ದನ್ನು ಎಳೆದು ಹಾಕಿ ಬಂದೆ. ಶುಕ್ರವಾರ ಹೋದರೆ ಮುಳ್ಳೂ ಇಲ್ಲ. ಶನಿವಾರ ಹೋದರೆ ಕಲ್ಲು ಹಾಸಿದೆ. ಯಕ್ಷಿಣಿ ಬಂದು ಮಾಡಿದಳೋ ಏನೋ ಅಂದುಕೊಂಡು, ಯಾರನ್ನೂ ಕೇಳುವ ಹಾಗೂ ಇಲ್ಲದೆ ಸುಮ್ಮನಿದ್ದೆ.

ಇನ್ನೊಂದು ವಿಷಯ ನನ್ನನ್ನು ಹದಿನಾಲ್ಕು ವರ್ಷದಿಂದ ಕಾಡುತ್ತಿತ್ತು. ನಾನು ಹಾಕಿದ್ದು ಎರಡೇ ಕೊಂಬೆ. ವರ್ಷಕ್ಕೊಂದು ಸೇರಿಸಿದ್ದೆ ಅನ್ನು. ಅದು ಆಳೆತ್ತರದ ಗೋಡೆ ಹೇಗಾಯಿತು?

ಭಾನುವಾರ ನಿಮ್ಮ ಕೊನೆಯ ಸೈಕಲ್ ಕಾಡಿನೊಳಗೆ ಇಳಿದು ಮರೆಯಾಯಿತು. ಚೌಕದಲ್ಲಿ ನೊಣ ಹಾರಿದರೂ ಕೇಳಿಸುವ ಹಾಗಿತ್ತು, ನನಗೆ ಕೂಡ. ಒದೆಟ್ ಎದ್ದಳು. ಕೋಲು ಊರಿಕೊಂಡು ನನ್ನ ಹತ್ತಿರ ಬಂದಳು. ಎಡಗಿವಿಯ ಹತ್ತಿರ ಬಾಯಿಟ್ಟು ಕೇಳಿದಳು, "ಲೋ ಮಾರ್ಸ್ಯಾಲ್, ಎಲ್ಲಿ ಕೀಳುತ್ತೀಯ?"

ಹೊರಗಿನವರು ಹೋಗಿದ್ದರು, ಮೊಸ್ಯೂ ವಿಲ್ಮಾರ್ ನಿಮ್ಮ ಸೈಕಲ್ ನೋಡುತ್ತ ಇಳಿಜಾರಿನವರೆಗೆ ಹೋಗಿದ್ದ. ಅವಳ ಕಿವಿಯಲ್ಲಿ ಹೇಳಿದೆ.

ಅವಳು ಕೋಲು ಎತ್ತಿದಳು. "ಅಯ್ಯೋ ಕಳ್ಳ ಬಡ್ಡೀಮಗನೆ, ಅದು ನನ್ನ ಜಾಗ. ನಮ್ಮಮ್ಮ ತೋರಿಸಿದ್ದು. ನಿನ್ನಂಥವರು ಬರಬಾರದು ಅಂತಲೇ ನಾನು ವರ್ಷ ವರ್ಷಾ ಎರಡು ಕೊಂಬೆ ಹಾಕಿ ಬರೋದು."

ಬೇಕರಿಯವನು ತುತ್ತು ನೆತ್ತಿಗೇರಿ ಕೆಮ್ಮಲು ಶುರುಮಾಡಿದ. ಕೆಮ್ಮುವುದರ ನಡುವೆ, ಯಾವ ಜಾಗ, ಯಾವ ಜಾಗ ಅಂತ ಕೇಳಿದ. ಅವನಿಗೂ ಹೇಳಿದೆವು. ಅವನು ಮೇಜಿನ ಮೇಲೆ ತಲೆ ಇಟ್ಟುಕೊಂಡ. ಮುಳ್ಳುಬಳ್ಳಿಯನ್ನು ನೆಟ್ಟು ನೀರು ಹಾಕಿದವನು ಅವನಂತೆ. ಫಾಬಿಯೆನ್ ವ್ಯಾನಿನಲ್ಲಿ ಒಂದು ಇಡೀ ದಿಮ್ಮಿ ತಂದು ಹಾಕಿದ್ದಳಂತೆ, ಅಂಚೆಯ ಹೊತ್ತಿನಲ್ಲಿ, ಅದನ್ನು ಯಾರಿಗೂ ಹೇಳಬೇಡಿ ಅಂದಳು. ಹೀಗೆ ಒಂದೊಂದು ಮೇಜಿನಿಂದ ಒಬ್ಬೊಬ್ಬರು ಎದ್ದು ಬರುವುದು, ಕಿವಿಯಲ್ಲಿ ಕೇಳುವುದು, ತಲೆ ಚಚ್ಚಿಕೊಳ್ಳುವುದು. ಒಂದೇ ಜಾಗ ಪುಟ್ಟಿ. ಊರಿಗೆಲ್ಲ ಒಂದೇ ಜಾಗ. ಪ್ರತಿಯೊಬ್ಬರೂ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಪೊದೆಯಿಂದ ನುಗ್ಗಿ, ತನ್ನೊಬ್ಬನದೇ ಅಂದುಕೊಂಡು ಬುಟ್ಟಿ ತುಂಬಿಸಿಕೊಂಡು ಬಂದಿದ್ದಾರೆ. ಹಾಗೆಯೇ ಹೋದ ವಾರ, ನಿಮ್ಮ ಸೈಕಲ್‌ಗಳು ಬರುತ್ತವೆ ಅಂತ ಕೇಳಿ ನಾಚಿಕೆಯಾಗಿ, ಪ್ರತಿಯೊಬ್ಬರೂ ಕತ್ತಲಲ್ಲಿ ಹೋಗಿ ತಾವು ಹಾಕಿದ್ದನ್ನು ತಾವು ತೆಗೆದು ಬಂದಿದ್ದಾರೆ.

ಕೊನೆಗೆ ಉಳಿದವಳು ಮಾದಾಮ್ ಲಾಕೋಂಬ್. ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ಬಹಳ ಹೊತ್ತು ಕರವಸ್ತ್ರ ಮಡಿಚಿದಳು. ಆಮೇಲೆ ಅಂದಳು, "ಮಾರಿದರೆ ಬೇಲಿ ಬರುತ್ತೆ, ನೀವ್ಯಾರೂ ಬರೋದಿಲ್ಲ, ನನಗೆ ಬೇಲಿ ಹಾರೋದು ಗೊತ್ತು ಅಂದುಕೊಂಡಿದ್ದೆ."

ಒದೆಟ್ ಅವಳಿಗೂ ಕೋಲು ಎತ್ತಿದಳು, ಮೇಯರ್ ಅಂತ ಕೂಡ ನೋಡಲಿಲ್ಲ. ಅಷ್ಟೊತ್ತಿಗೆ ಜೋಸ್ಯಾನ್ ನಕ್ಕಳು. ಒಬ್ಬಳು ನಕ್ಕದ್ದೇ ತಡ, ಚೌಕ ಪೂರ್ತಿ ಬಿದ್ದು ಬಿದ್ದು ನಕ್ಕಿತು. ನೀನು ಕೇಳಿದ್ದೆಯಲ್ಲ, ಒಂಟಿ ಮಾಡಿ ಬಂದೆನಾ ಅಂತ. ಹದಿನಾಲ್ಕು ವರ್ಷ ನಾನು ಒಂಟಿಯಾಗಿ ಹೋಗುತ್ತಿದ್ದೆ. ಅದು ಭಾನುವಾರಕ್ಕೆ ಮುಗಿಯಿತು.

ಈಗ ಸೋಮವಾರ ಬೆಳಿಗ್ಗೆ.

ಕಚೇರಿ ತೆರೆಯುವುದು ಒಂಬತ್ತಕ್ಕೆ. ನಾನು ಮೊದಲಿಗನಾಗಬೇಕು ಅಂತ ಎಂಟಕ್ಕೆ ಹೋದರೆ ಒದೆಟ್ ಮೆಟ್ಟಿಲ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಎಂಟೂವರೆಗೆ ಸಾಲು ಚರ್ಚಿನ ಬಾಗಿಲು ದಾಟಿತು. ಹಿಂದಿನ ದಿನ ಮೇಜಿನಲ್ಲಿ ಕೂತು ಕೇಳಿದವರೆಲ್ಲ, ಒಬ್ಬರೂ ತಪ್ಪದೆ. ಮೊಸ್ಯೂ ವಿಲ್ಮಾರನೂ ಬಂದ, ನನ್ನ ಕೋರಿಕೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಬರೆಯಲು. ಸಾಲಿನಲ್ಲಿ ನನ್ನ ಹಿಂದೆ ನಿಂತು ಮೆಲ್ಲಗೆ, ಅಂದಹಾಗೆ ಆ ಅಣಬೆ ಎಲ್ಲಿ ಏಳುತ್ತದೆ ಅಂತ ಕೇಳಿದ. ನನಗೆ ಕಿವಿ ಕೇಳಿಸುವುದಿಲ್ಲ ಅಂದೆ.

ವಿಚಾರಣಾಧಿಕಾರಿ ಸಣ್ಣ ಕನ್ನಡಕದ, ದೊಡ್ಡ ತಾಳ್ಮೆಯ ಮನುಷ್ಯ. ದಫ್ತರ ತೆರೆದಿಟ್ಟ. ಖಾಲಿ. ಒಬ್ಬೊಬ್ಬರೇ ಬರೆದೆವು. ವಾರಕ್ಕೆರಡು ಸಲ, ವಾರಕ್ಕೆ ಮೂರು ಸಲ, ಭಾನುವಾರ ಬಿಟ್ಟು ದಿನವೂ. ಗಂಡ ಸತ್ತಮೇಲೆ ತಲೆ ಹಾಕಿ ಮಲಗಿಲ್ಲ ಅಂದಿದ್ದ ಒದೆಟ್ ಅರ್ಧ ಪುಟ ಬರೆದಳು. ನಲವತ್ತೊಂದನೆಯವಳು ಮಾದಾಮ್ ಲಾಕೋಂಬ್. ಮೇಯರ್ ಅಂತ ಅಲ್ಲ, ಓಡಾಡುವವಳು ಅಂತ ಸಹಿ ಹಾಕಿದಳು. ಹಾಕಿ, ಈ ಮಾರಾಟ ಮುಂದಿನ ಸಭೆಯಲ್ಲಿ ಬರುವುದಿಲ್ಲ, ಯಾವ ಸಭೆಯಲ್ಲೂ ಬರುವುದಿಲ್ಲ, ನಿನ್ನ ಗೋದಾಮಿನ ಅರ್ಜಿ ಬರುತ್ತದೆ ಅಂತ ಎಲ್ಲರೆದುರಿಗೆ ಹೇಳಿದಳು. ಬೀಗದ ಕೈ ಮಾತ್ರ ಆಗಲೇ ಕೊಟ್ಟಳು, ನನ್ನ ಅಡಿಗೆಮನೆಯ ಮೊಳೆಯಲ್ಲಿ ತೂಗುತ್ತಿದೆ. ಬಾಗಿಲ ತಿರುಗಣಿಗೆ ಎಣ್ಣೆ ಹಾಕಿ ಬಂದಿದ್ದೇನೆ.

ವಿಚಾರಣಾಧಿಕಾರಿಗೆ ಬಾಯಿಮಾತು, ಬರಹ ಎರಡೂ ಸಾಲದು. ಮೇಜಿನ ಮೇಲೆ ದಾರಿಯ ನಕ್ಷೆ ಹರಡಿ, ಯಾರು ಎಲ್ಲಿಯವರೆಗೆ ಹೋಗುತ್ತೀರಿ, ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿ ಅಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ನಕ್ಷೆಯನ್ನು ಜಿಲ್ಲೆಯಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಒದೆಟ್ ಪೆನ್ಸಿಲ್ ತೆಗೆದುಕೊಂಡಳು. ಸ್ಟೇಷನ್ನಿನ ಪಕ್ಕ, ತುರಿಕೆ ಸೊಪ್ಪು ಬಿಟ್ಟು ಬೇರೇನೂ ಬೆಳೆಯದ ಕಡೆ ಒಂದು ಗೆರೆ ಎಳೆದಳು. ಬೇಕರಿಯವನು ತನ್ನ ಕೋಳಿಗೂಡಿನ ಹಿಂದೆ. ಫಾಬಿಯೆನ್ ಹಳ್ಳ ದಾಟುವಲ್ಲಿ. ನಾನು ಚಿಕ್ಕ ಸೇತುವೆಯ ಮೇಲೆ. ಹೀಗೆ ನಲವತ್ತೊಂದು ಜನ ನಲವತ್ತೊಂದು ಕಡೆ, ಅಂದಾಜಿನ ಮೇಲೆ, ದೇವರು ಕಣ್ಣು ಮುಚ್ಚಿಕೊಂಡಿರಲಿ ಅಂತ. ಹನ್ನೊಂದು ಗಂಟೆಗೆ ನೋಡಿದರೆ ಸ್ಟೇಷನ್ನಿನಿಂದ ಚೌಕದವರೆಗೆ ಗೆರೆಗಳು, ಕಂಬಿಯ ಕೆಳಗಿನ ದಿಮ್ಮಿಗಳ ಹಾಗೆ ಸಾಲಾಗಿ.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಈ ದಾರಿಯಲ್ಲಿ ಜನ ಕಾಲಿಡದ ಜಾಗವೇ ಇಲ್ಲ. ಇದು ಸತ್ತ ದಾರಿ ಅಂತ ಯಾರು ಹೇಳಿದರು? ಮಾರಲು ಬರುವುದಿಲ್ಲ ಅಂತ ಬರೆಯುತ್ತೇನೆ."

ನಾವು ಉಸಿರು ಬಿಟ್ಟೆವು. ಅವನು ನಕ್ಷೆ ಮಡಿಚಲು ಹೊರಟವನು ನಿಂತ. ಬಗ್ಗಿ ನೋಡಿದ. ನಡುವೆ ಒಂದು ಕಡೆ, ಎಲ್ಲಿ ಅಂತ ಬರೆಯುವುದಿಲ್ಲ, ದಾರಿಯಲ್ಲಿ ಯಾರು ಲಕೋಟೆಯನ್ನು ಬೆಳಕಿಗೆ ಹಿಡಿಯುತ್ತಾರೋ, ಐವತ್ತು ಮೀಟರಿನಷ್ಟು ಜಾಗ ಖಾಲಿ. ಒಂದೂ ಗೆರೆ ಇಲ್ಲ.

"ಇಲ್ಲಿ ಮಾತ್ರ ಯಾರೂ ನಿಲ್ಲುವುದಿಲ್ಲವಲ್ಲ, ಯಾಕೆ?" ಅಂತ ಕೇಳಿದ.

"ಅಲ್ಲಿ ಹಾವು ಜಾಸ್ತಿ," ಅಂದಳು ಮಾದಾಮ್ ಲಾಕೋಂಬ್.

ನಾವು ನಲವತ್ತು ಜನ ಒಂದೇ ದನಿಯಲ್ಲಿ ಹೌದು ಅಂದೆವು, ವಿಪರೀತ ಹಾವು. ಅವನು ಹಾಗೆಯೇ ಬರೆದುಕೊಂಡು ಸಹಿ ಹಾಕಿದ.

ಅಜ್ಜ